ಹಾಡಿನ ಪುಸ್ತಕಕ್ಕೆ ಬಂಗಾರದ ರೇಕು



ಹಬ್ಬ ಹತ್ತಿರ ಬಂತೆಂದರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಕಂಡದ್ದನ್ನೆಲ್ಲ ತಿಕ್ಕಬೇಕು, ತೊಳೆಯಬೇಕು, ಒರೆಸಬೇಕು. ಮೂರು ವರ್ಷದ ಹಿಂದೆ ಗೌರಿಹಬ್ಬದ ಮುನ್ನಾದಿನ ನಾನು ದೇವರ ಕೋಣೆಯ ಪಟ್ಟಾಭಿಷೇಕದ ಪಟ ಇಳಿಸಿ, ಗಾಜು ತೆಗೆದು, ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದೆ ನೋಡಿ, ರಾಮದೇವರ ಕಿರೀಟ ಬಟ್ಟೆಗೆ ಬಂದುಬಿಟ್ಟಿತು! ಬಂಗಾರದ ಜೊತೆ ಒಂದಿಷ್ಟು ಬಿಳಿ ಹಿಟ್ಟು. ಅತ್ತೆಯವರ ತವರಿನಿಂದ ಬಂದ ಮೈಸೂರು ಶೈಲಿಯ ಪಟ ಅದು. ಅತ್ತೆ ಬೈಯಲಿಲ್ಲ. "ಹೋಗ್ಲಿ ಬಿಡೇ, ನಂಗೆ ಹ್ಯಾಗೂ ಕಣ್ಣು ಕಾಣಲ್ಲ" ಅಂದರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿದೆ. ಬೈದಿದ್ದರೇ ಚೆನ್ನಾಗಿತ್ತು.

ಆ ಕಾರ್ತಿಕದಲ್ಲಿ ಮೈಸೂರಿನ ತಂಗಿಯ ಮನೆಗೆ ಹೋದಾಗ ಪಟವನ್ನೂ ಸೀರೆಯಲ್ಲಿ ಸುತ್ತಿಕೊಂಡು ಹೋದೆ. ಅವರ ಬೀದಿಯಲ್ಲೇ ವಯಸ್ಸಾದ ಚಿತ್ರಗಾರರೊಬ್ಬರಿದ್ದಾರೆ. ಕಿರೀಟ ಸರಿಮಾಡಿ ಕೊಡಿ ಎಂದರೆ ಅವರು ತಲೆ ಅಲ್ಲಾಡಿಸಿದರು. ಹಳೇ ಪಟಕ್ಕೆ ಹೊಸ ಬಂಗಾರ ಹಚ್ಚಿದರೆ ಅದೊಂದೇ ಎದ್ದು ಕಾಣುತ್ತದೆ, ಉಳಿದದ್ದೆಲ್ಲ ಮಂಕಾಗುತ್ತದೆ ಎಂದರು. ಒಣಗಿದ ಮೆತ್ತನೆ ಕುಂಚದಿಂದ ಧೂಳು ತೆಗೆಯಬೇಕೇ ಹೊರತು ನೀರು ಸೋಕಿಸಲೇಬಾರದಂತೆ. ಗಾಜು ಚಿತ್ರಕ್ಕೆ ತಾಗದಂತೆ ಮಧ್ಯೆ ಸ್ವಲ್ಪ ಜಾಗವೂ ಇರಬೇಕು. "ಕೆಲಸ ಕಲೀಬೇಕು ಅನ್ನೋ ಆಸೆ ಇದ್ರೆ ಬನ್ನಿ, ಹೊಸ ಕಾಗದದ ಮೇಲೆ ಕಲೀರಿ" ಎಂದರು. ಹದಿನೈದು ದಿನ ಬೆಳಿಗ್ಗೆ ಬೆಳಿಗ್ಗೆ ಹೋದೆ.

ಮೊದಲು ಬಂಗಾರದ ಮಾತು. ರೇಕು ಎಷ್ಟು ತೆಳುವೆಂದರೆ, ಸುಮಾರು ಹತ್ತು ಸಾವಿರ ರೇಕು ಪೇರಿಸಿದರೆ ಒಂದು ಮಿಲಿಮೀಟರ್ ದಪ್ಪ ಆದೀತು. ಬೆರಳಲ್ಲಿ ಮುಟ್ಟಿದಿರೋ, ಬೆರಳಿಗೇ ಆಭರಣ! ಫ್ಯಾನ್ ಆರಿಸಬೇಕು, ಕಿಟಕಿ ಮುಚ್ಚಬೇಕು, ಸೀನು ಬಂದರೆ ಹೊರಗೆ ಓಡಬೇಕು. ಅಗಲ ಕುಂಚವನ್ನು ಕೆನ್ನೆಗೆ ಒಮ್ಮೆ ಸವರಿಕೊಂಡರೆ ಚರ್ಮದ ಜಿಡ್ಡು ತಾಗಿ ರೇಕು ತಾನಾಗಿ ಕುಂಚಕ್ಕೆ ಅಂಟುತ್ತದೆ. ನಾನು ಜಾಣತನ ಮಾಡಿ ಎಣ್ಣೆ ಹಚ್ಚಿದ ತಲೆಗೂದಲಿಗೆ ಸವರಿದೆ. ರೇಕು ಕುಂಚ ಬಿಟ್ಟು ಬರಲೇ ಇಲ್ಲ. ಮಲೆನಾಡಿನ ತಲೆ, ಕೊಬ್ಬರಿ ಎಣ್ಣೆ ಜಾಸ್ತಿ.

ನಿಜವಾದ ಕೆಲಸ ಬಂಗಾರದ್ದಲ್ಲ, ಅದರ ಕೆಳಗಿನ ಬಿಳಿ ಮೆತ್ತುವಿಕೆಯದು. ಗೆಸ್ಸೋ ಎನ್ನುತ್ತಾರೆ. ಮೈಸೂರಿನ ಹಿಂದಿನ ಚಿತ್ರಗಾರರು ಇದಕ್ಕೆ ಬಿಳಿ ಸಫೇದ, ಅಂಟು, ಜೊತೆಗೆ ಒಂದು ಮರದ ಹಳದಿ ಹಾಲು ಬೆರೆಸುತ್ತಿದ್ದರು. ಆ ಮರ ನಮ್ಮ ಉಪ್ಪಾಗೆ, ಮುರುಗಲಿನ ಜಾತಿಯದೇ! ಆದರೆ ಸೋದರಿಯರೇ, ಆ ಸಫೇದ ಸೀಸದ್ದು, ವಿಷ. ಹಳದಿ ಹಾಲೂ ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಎರಡೂ ಬೇಡ. ಗುರುಗಳು ನನಗೆ ಹೇಳಿಕೊಟ್ಟದ್ದು ಬೇರೆ ಪಾಕ: ವಸ್ತ್ರಗಾಳಿತ ಮಾಡಿದ ಸೀಮೆಸುಣ್ಣದ ಪುಡಿ ಎರಡು ಭಾಗ, ಬಾಣಂತಿಗೆ ಅಂಟಿನುಂಡೆ ಮಾಡಲು ತರುತ್ತೇವಲ್ಲ, ಆ ಜಾಲಿ ಅಂಟನ್ನು ರಾತ್ರಿ ನೆನೆಸಿ ಸೋಸಿದ ನೀರು ಒಂದು ಭಾಗ. ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು ಇರಬೇಕು. ಗುಳ್ಳೆ ಏಳದಂತೆ ನಿಧಾನ ಕಲಸಿ, ಸಣ್ಣ ಕುಂಚದಲ್ಲಿ ತೆಳುವಾಗಿ ಮೂರು ನಾಲ್ಕು ಸಲ ಹಚ್ಚಿ. ಒಂದು ಪೂರ್ತಿ ಒಣಗದೆ ಇನ್ನೊಂದು ಹಚ್ಚಿದರೆ ಬಿರುಕು ಖಂಡಿತ. ಈ ಕೆಲಸದ ಬಟ್ಟಲು, ಚಮಚ ಮತ್ತೆ ಅಡುಗೆಮನೆಗೆ ಬರಕೂಡದು.

ಒಂದು ಮಧ್ಯಾಹ್ನ ಗುರುಗಳು ಜಗನ್ಮೋಹನ ಅರಮನೆಗೆ ಹೋಗಿ ಹಳೆಯ ಪಟಗಳ ಬಂಗಾರವನ್ನು ಓರೆಯಾಗಿ ನಿಂತು ನೋಡಿ ಬನ್ನಿ ಎಂದರು. ಓರೆಯಿಂದ ನೋಡಿದರೇ ಉಬ್ಬು ಎಷ್ಟು ಕಡಿಮೆ ಎಂದು ತಿಳಿಯುವುದು. ತಂಜಾವೂರಿನದು ದಪ್ಪ, ಮೈಸೂರಿನದು ನವುರು. ಮುಮ್ಮಡಿ ಕೃಷ್ಣರಾಜ ಒಡೆಯರು ಬರೆಸಿದ 'ಶ್ರೀತತ್ತ್ವನಿಧಿ'ಯ ವಿಷಯವನ್ನೂ ಅವರೇ ಹೇಳಿದ್ದು. ಒಂಬತ್ತು ನಿಧಿಗಳಾಗಿ ಭಾಗ ಮಾಡಿ ದೇವತೆಗಳ ರೂಪಗಳನ್ನೆಲ್ಲ ಚಿತ್ರಿಸಿದ ಗ್ರಂಥ ಅದು. ಹಾಗಾದರೆ ಬಂಗಾರ, ಬಣ್ಣ ಗೋಡೆಯ ಪಟಕ್ಕೆ ಮಾತ್ರವಲ್ಲ, ಪುಸ್ತಕದ ಪುಟಕ್ಕೂ ಉಂಟಲ್ಲ ಎಂದು ಆಗ ಹೊಳೆಯಿತು. ನಮ್ಮ ಮೇಳಿಗೆಯಲ್ಲಿ ಅನಂತನಾಥ ಬಸದಿ ಇದೆ. ಪುಸ್ತಕ ಬರೆಸುವುದು ಜೈನರಲ್ಲಿ ದಾನವೇ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ್ದು ನಮಗೆ ಶಾಲೆಯಲ್ಲೇ ಪಾಠವಿತ್ತು. ಮೂಡಬಿದಿರೆಯಲ್ಲಿ ಹನ್ನೆರಡನೆಯ ಶತಮಾನದ ತಾಳೆಗರಿಗಳಲ್ಲಿ ಅಕ್ಷರದ ಪಕ್ಕದಲ್ಲೇ ಬಣ್ಣದ ಚಿತ್ರಗಳಿವೆ.

ನಮ್ಮ ಮನೆಯಲ್ಲಿ ಅಂಥ ಗ್ರಂಥ ಯಾವುದಿದೆ ಎನ್ನುತ್ತೀರಾ? ಅತ್ತೆಯವರ ಹಾಡಿನ ಪುಸ್ತಕ ಇದೆಯಲ್ಲ! ಆರತಿ ಹಾಡು, ಹಸೆಗೆ ಕರೆಯುವ ಹಾಡು, ಒಸಗೆ ಹಾಡು, ಎಲ್ಲ ಅವರ ದುಂಡನೆಯ ಕೈಬರಹದಲ್ಲಿ. ನಿಮ್ಮನೆಯಲ್ಲೂ ಒಂದಿದ್ದೀತು, ಪೆಟ್ಟಿಗೆ ತೆಗೆದು ನೋಡಿ. ನಮ್ಮದನ್ನು ಅರ್ಧ ಹುಳ ತಿಂದಿತ್ತು. ಹೊಸದಾಗಿ ಬರೆದು ಮೊದಲ ಪುಟದ 'ಶ್ರೀ'ಗೆ ಬಂಗಾರ ಇಡೋಣ ಎಂದುಕೊಂಡೆ. ಹುಳ ತಿಂದ ಕಡೆ ಅತ್ತೆ ಜಗಲಿಯಲ್ಲಿ ಕೂತು ನೆನಪಿನಿಂದ ಹಾಡುವುದು, ನಾನು ಬರೆಯುವುದು.

ಮಾಡಿದ ತಪ್ಪೆಂದರೆ ಬಂಗಾರದ ಕೆಲಸಕ್ಕೆ ಆಷಾಢದಲ್ಲಿ ಕೂತದ್ದು. ಯೂರೋಪಿನ ಮಠಗಳಲ್ಲಿ ಹಿಂದೆ ಚರ್ಮದ ಹಾಳೆಯ ಮೇಲೆ ಹೀಗೆಯೇ ಬಂಗಾರ ಇಡುತ್ತಿದ್ದರಂತೆ. ಬಿಳಿ ಮೆತ್ತಿಗೆ ಸಕ್ಕರೆಯೋ ಜೇನೋ ಸೇರಿಸಿ, ಒಣಗಿದ ಮೇಲೆ ಕೊಳವೆಯಿಂದ ಉಸಿರು ಊದಿದರೆ ಆ ಪಸೆಗೆ ಮೇಲ್ಮೈ ಅಂಟಂಟಾಗುತ್ತದೆ, ತಕ್ಷಣ ರೇಕು ಇಡುವುದು. ಅಂಥ ಪುಸ್ತಕಕ್ಕೆ ಅವರ ಭಾಷೆಯಲ್ಲಿ 'ಬೆಳಗಿಸಿದ್ದು' ಎಂದೇ ಹೆಸರು. ನಾನೂ ಚಿಟಿಕೆ ಸಕ್ಕರೆ ಹಾಕಿದೆ. ಆಗುಂಬೆ ನಮಗೆ ದೂರವಿಲ್ಲ, ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ಗಾಳಿಯಲ್ಲಿ ಉಸಿರು ಯಾಕೆ ಊದಬೇಕು? ನನ್ನ 'ಶ್ರೀ' ಹಳೇ ಜೋನಿಬೆಲ್ಲದ ಹಾಗೆ ಪಸಪಸ ಎಂದಿತು. ಮೂರನೇ ದಿನ ಇರುವೆ, ಐದನೇ ದಿನ ಬೂಷ್ಟು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆ ಹಿಡಿಯಿತು. ಮೂರು ರೇಕು ದಂಡ. ಯಜಮಾನರು ಏನೂ ಅನ್ನಲಿಲ್ಲ, ರಸೀದಿಯನ್ನು ಮಾತ್ರ ಎರಡು ಸಲ ಓದಿದರು.

ಮಾಘದಲ್ಲಿ ಮತ್ತೆ ಕೂತೆ, ಸಕ್ಕರೆ ಇಲ್ಲದೆ. ಬಿಸಿಲಿನ ದಿನಗಳಲ್ಲಿ ಬಿಳಿ ಹಚ್ಚಿ ಒಣಗಿಸಿದೆ, ನಯವಾದ ಉಜ್ಜುಕಾಗದದಿಂದ ಹಗುರಾಗಿ ತೀಡಿದೆ. ರೇಕು ಇಡಲು ಮಾತ್ರ ಇಬ್ಬನಿ ಬೀಳುವ ಹೊತ್ತು, ಹಾಲು ಕರೆಯುವುದಕ್ಕೂ ಮುಂಚೆ ಎದ್ದೆ. ತೆಳು ಅಂಟುನೀರು ಸವರಿ, ಅದು ಆರುತ್ತಾ ಬರುವಾಗ ಬಾಯಿಂದ ಎರಡು ಸಲ ಮೆಲ್ಲಗೆ ಉಸಿರು ಬಿಟ್ಟು ರೇಕು ಇಳಿಸಿದೆ. ಮೇಲೆ ತೆಳು ಕಾಗದ ಮುಚ್ಚಿ ನುಣುಪು ಕಲ್ಲಿನಿಂದ ಉಜ್ಜಿದೆ. ಕುಳಿತುಬಿಟ್ಟಿತು! ಅಂಚಿನ ಬಳ್ಳಿಗೆ ಬಣ್ಣ ಹಚ್ಚಿದ್ದು ಆಮೇಲೆ. ಬಣ್ಣ ಮೊದಲಾದರೆ ಅದರ ಅಂಟಿಗೂ ಬಂಗಾರ ಹಿಡಿದು ಎಲೆಯೆಲ್ಲ ಮಿಂಚುತ್ತದೆ. ನೀವು ಶುರು ಮಾಡುವುದಾದರೆ ಹಿತ್ತಾಳೆಯ ನಕಲಿ ರೇಕಿನಲ್ಲಿ ಕೈ ಪಳಗಿಸಿಕೊಳ್ಳಿ. ಉಳಿಯಬೇಕಾದ ಪುಟಕ್ಕೆ ಮಾತ್ರ ಅದು ಬೇಡ, ಕಪ್ಪಾಗುತ್ತದೆ.

ಪುಟ ಒಣಗಿದ ಮೇಲೆ ಅತ್ತೆಯವರ ಮಡಿಲಲ್ಲಿಟ್ಟೆ. ಮುಟ್ಟಬೇಡಿ ಎನ್ನುವಷ್ಟರಲ್ಲಿ ಬೆರಳು ಆಡಿಸಿಬಿಟ್ಟರು. ಉಬ್ಬಿನ ಮೇಲೆ ನಿಧಾನ ಹೋಗಿ, "ಶ್ರೀ ಅಲ್ವೇನೇ? ದೀರ್ಘ ಸ್ವಲ್ಪ ಸೊಟ್ಟ ಆಯ್ತು ಮಾರಾಯ್ತಿ" ಅಂದರು. ಸೊಟ್ಟವೇ.

ಪಟ ಬೋಳು ಕಿರೀಟದೊಂದಿಗೇ ದೇವರ ಕೋಣೆಯಲ್ಲಿದೆ. ಪುಸ್ತಕ ಅರ್ಧ ಮುಗಿದಿದೆ. ಒಂದು ಆರತಿ ಹಾಡಿನ ಮೂರನೆಯ ನುಡಿ ಅತ್ತೆಗೆ ಎಷ್ಟು ನೆನೆದರೂ ಬರುತ್ತಿಲ್ಲ. ಅಲ್ಲಿ ನಾಲ್ಕು ಸಾಲಿನ ಜಾಗ ಬಿಟ್ಟು ಮುಂದಕ್ಕೆ ಬರೆಯುತ್ತಿದ್ದೇನೆ.