ಪದಸಂಸ್ಕಾರಕದ ಮರೆಯ ಸಾಧನಗಳು

ಉಪಕರಣವೊಂದು ಇದ್ದೂ ಕಾಣದಿದ್ದರೆ ಬಳಸಬೇಕಾದವನ ಪಾಲಿಗೆ ಅದು ಇಲ್ಲದಂತೆಯೇ ಸರಿ. ಗಣಕಯಂತ್ರದಲ್ಲಿ ಬರೆವಣಿಗೆಗೆ ಬಹುಜನರು ಆಶ್ರಯಿಸಿರುವ ಮೈಕ್ರೋಸಾಫ್ಟ್ ವರ್ಡ್ ಎಂಬ ತಂತ್ರಾಂಶದ ಇತಿಹಾಸವನ್ನು ಅವಲೋಕಿಸಿದರೆ ಈ ಮಾತು ಮನವರಿಕೆಯಾಗುವುದು. ಕನ್ನಡಕ್ಕೆ ಅವಶ್ಯವಾದ ಸಾಧನಗಳು ಅದರಲ್ಲಿಲ್ಲವೆಂದು ದೂರುವವರು ಅನೇಕರು. ಇವೆ, ಆದರೆ ಮರೆಯಲ್ಲಿವೆ.

೧೯೯೯ರಲ್ಲಿ ಹೊರಬಂದ ಆಫೀಸ್ ೨೦೦೦ ಎಂಬ ಆವೃತ್ತಿಯಲ್ಲಿ ತಯಾರಕರು ಒಂದು ವಿಚಿತ್ರ ಏರ್ಪಾಡನ್ನು ಮಾಡಿದರು. ಮೆನುವನ್ನು ತೆರೆದೊಡನೆ ಅದರಲ್ಲಿರುವ ಆಜ್ಞೆಗಳೆಲ್ಲವೂ ಕಾಣುತ್ತಿರಲಿಲ್ಲ. ಆಗಾಗ ಬಳಸಿದವು ಮಾತ್ರ ಮೇಲಕ್ಕೆ ಬಂದು, ಉಳಿದವು ಅಡಗಿಕೊಳ್ಳುತ್ತಿದ್ದವು. ಕೆಳತುದಿಯ ಜೋಡಿ ಬಾಣವನ್ನು ಒತ್ತಿದರೆ, ಇಲ್ಲವೆ ಕೆಲವು ಕ್ಷಣ ಕಾದರೆ, ಪೂರ್ಣ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಈ ಪದ್ಧತಿಯನ್ನು ನಿಲ್ಲಿಸುವ ಆಯ್ಕೆಯೂ ಇತ್ತು. ಅದಿದ್ದುದು ಮತ್ತೊಂದು ಮೆನುವಿನ ಒಳಗೆ! ಹೊಸಬರು ಗಾಬರಿಗೊಳ್ಳಬಾರದೆಂಬ ಉದ್ದೇಶವನ್ನು ಅಲ್ಲಗಳೆಯಬೇಕಾಗಿಲ್ಲ. ಬಾಲಬೋಧೆಗೆಂದು ಮೊದಲು ಲಘುಕೌಮುದಿಯನ್ನು ಓದಿಸುವುದು ಪಾಠಶಾಲೆಗಳಲ್ಲಿಯೂ ಉಂಟು. ಆದರೆ ಅದಕ್ಕಾಗಿ ಸಿದ್ಧಾಂತಕೌಮುದಿಯ ಪುಟಗಳನ್ನು ಯಾರೂ ಅಂಟಿಸಿಡುವುದಿಲ್ಲ.

ಅಮರಕೋಶವನ್ನು ಕಂಠಸ್ಥ ಮಾಡಿದವನಿಗೆ ಯಾವ ಪದ ಯಾವ ವರ್ಗದಲ್ಲಿದೆಯೆಂಬುದು ಕರತಲಾಮಲಕ. ಸ್ವರ್ಗವರ್ಗದಲ್ಲಿ ಇಂದು ಕಂಡ ಪದ ನಾಳೆ ವನೌಷಧಿವರ್ಗಕ್ಕೆ ಸರಿದುಹೋಗದೆಂಬ ನಂಬಿಕೆಯೇ ಅವನ ನೆನಪಿಗೆ ಆಧಾರ. ದಿನದಿನಕ್ಕೂ ಸ್ಥಾನ ಬದಲಿಸುವ ಮೆನುವಾದರೋ ಆ ಆಧಾರವನ್ನೇ ಕಿತ್ತುಹಾಕಿತು. ೨೦೦೭ರ ಆವೃತ್ತಿಯಲ್ಲಿ ಈ ಪದ್ಧತಿ ಹೋಗಿ ರಿಬ್ಬನ್ ಎಂಬ ಅಗಲವಾದ ಪಟ್ಟಿಕೆ ಬಂದಿತು. ಅದು ಹೆಚ್ಚು ಸ್ಥಿರವೆನ್ನಬೇಕು. ಆದರೂ ಕೋಷ್ಟಕದ ಸಾಧನಗಳು ಕೋಷ್ಟಕದೊಳಗೆ ಕಾಲಿಟ್ಟಾಗಲೇ ಕಾಣುವುವು. ಡೆವಲಪರ್ ಎಂಬ ವಿಭಾಗ ಕೇಳಿ ಪಡೆಯುವವರೆಗೆ ತೋರದು. ಇನ್ನು ಕೆಲವು ಆಜ್ಞೆಗಳಂತೂ ರಿಬ್ಬನ್ನಿನಲ್ಲಿ ಇಲ್ಲವೇ ಇಲ್ಲ, ಅವುಗಳಿಗೆಂದು ಆಯ್ಕೆಗಳ ಒಳಗೆ ಬೇರೊಂದು ಪಟ್ಟಿಯುಂಟು.

ಕಿಟ್ಟೆಲ್ ಅವರ ೧೮೯೪ರ ನಿಘಂಟು ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಕಂಠಪಾಠವಿಲ್ಲದವನಿಗೂ ದಾರಿ ಮಾಡಿತು. ಅದೇ ರೀತಿ ೨೦೧೬ರ ಆವೃತ್ತಿಯಲ್ಲಿ, ಬೇಕಾದುದನ್ನು ಬರೆದು ಕೇಳುವ ಒಂದು ಚೌಕ ಬಂದಿತು. ಉಪಕಾರಕವೇ. ಆದರೆ ಹೆಸರನ್ನೇ ಅರಿಯದವನಿಗೆ ಅಕಾರಾದಿಯಿಂದ ಏನು ಪ್ರಯೋಜನ? ಕನ್ನಡದ ಕಷ್ಟ ಇರುವುದು ಇಲ್ಲಿಯೇ.

ಯೂನಿಕೋಡ್ ಪದ್ಧತಿಯಲ್ಲಿ ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಅದು ತಾನಾಗಿಯೇ ಒತ್ತಾಗುವುದು. ಕನ್ನಡದ ಸಹಜ ಸಂಯುಕ್ತಾಕ್ಷರಗಳಿಗೆ ಇದು ಸರಿಯೇ. ಆದರೆ ‘ರಾಜ್‌ಕುಮಾರ್’ ಎಂದು ಬರೆಯಹೊರಟರೆ ‘ರಾಜ್ಕುಮಾರ್’ ಎಂದಾಗುವುದು. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಎಂಬ ವಿಕಾರವನ್ನು ತಳೆಯುವುದು. ಅಚ್ಚುಮೊಳೆಗಳ ಕಾಲದ ಜೋಡಣೆಗಾರನಿಗೆ ಈ ತೊಡಕಿರಲಿಲ್ಲ. ಮೊಳೆಯ ಪಕ್ಕದಲ್ಲಿ ಮೊಳೆಯಿಟ್ಟರೆ ಕೆಲಸ ಮುಗಿಯುತ್ತಿತ್ತು. ಇಂದಿನವರು ದಾರಿಗಾಣದೆ ಪದದ ನಡುವೆ ತೆರಪು ಬಿಟ್ಟು ‘ಸಾಫ್ಟ್ ವೇರ್’ ಎಂದು ಒಡೆಯುತ್ತಾರೆ. ಆಗ ಸಾಲಿನ ಕೊನೆಯಲ್ಲಿ ಪದ ಇಬ್ಭಾಗವಾಗುವುದು, ಹುಡುಕಿದರೆ ಸಿಗದು, ಎಣಿಕೆಯಲ್ಲಿ ಒಂದು ಎರಡಾಗುವುದು. ಎಲ್ಲಕ್ಕಿಂತ ಕೇಡೆಂದರೆ, ಅಚ್ಚಾದುದೇ ಪ್ರಮಾಣವೆಂದು ನಂಬುವ ಬಾಲಕರು ಅದನ್ನು ಎರಡು ಪದಗಳೆಂದೇ ಕಲಿಯುವರು. ಕನ್ನಡದ ಕಾಗುಣಿತ ಕೆಡುತ್ತಿರುವುದು ಅಜ್ಞಾನದಿಂದ ಮಾತ್ರವಲ್ಲ, ಸಾಧನ ಕಾಣದಿರುವುದರಿಂದಲೂ ಹೌದು.

ಒತ್ತನ್ನು ತಡೆಯುವ, ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಚಿಹ್ನೆಯೊಂದು ವರ್ಡ್‌ನಲ್ಲಿಯೇ ಇದೆ. ಇನ್ಸರ್ಟ್ ವಿಭಾಗದ ಸಿಂಬಲ್ ಎಂಬಲ್ಲಿ ಹೊಕ್ಕು, ಇನ್ನಷ್ಟು ಚಿಹ್ನೆಗಳನ್ನು ತೆರೆದು, ವಿಶೇಷ ಅಕ್ಷರಗಳ ಪುಟಕ್ಕೆ ಹೋದರೆ ‘ನೋ ವಿಡ್ತ್ ಆಪ್ಷನಲ್ ಬ್ರೇಕ್’ ಎಂಬ ಹೆಸರಿನಲ್ಲಿ ಅದು ಕುಳಿತಿರುವುದು. ಈ ನಾಮಧೇಯದಿಂದ ಒತ್ತಕ್ಷರವನ್ನು ಊಹಿಸಬಲ್ಲ ಕನ್ನಡ ಅಧ್ಯಾಪಕರು ಎಷ್ಟು ಜನ? ಸ್ಥಳ ಮರೆಯಾದುದಲ್ಲದೆ ಹೆಸರೂ ಮರೆಯಾಯಿತು.

ವಿಂಡೋಸ್ ಗಣಕಗಳಲ್ಲಿ ಇನ್ನೂ ಹತ್ತಿರದ ದಾರಿಯುಂಟು. ‘ಸಾಫ್ಟ್’ ಎಂದು ಬರೆದು, ಅದಕ್ಕೆ ತಗುಲಿದಂತೆ ಇಂಗ್ಲಿಷಿನಲ್ಲಿ ಎರಡು, ಸೊನ್ನೆ, ಸೊನ್ನೆ ಹಾಗೂ ಸಿ ಅಕ್ಷರವನ್ನು ಬರೆದು, ಆಲ್ಟ್ ಕೀಲಿಯೊಡನೆ ಎಕ್ಸ್ ಕೀಲಿಯನ್ನು ಒತ್ತಬೇಕು. ಅಂಕಿಗಳು ಮಾಯವಾಗಿ ಆ ಚಿಹ್ನೆ ನಿಲ್ಲುವುದು; ಮುಂದೆ ‘ವೇರ್’ ಎಂದು ಬರೆದರೆ ಒತ್ತಾಗದು. ಕೊನೆಯಲ್ಲಿ ಸಿ ಬದಲು ಡಿ ಬರೆದರೆ ದೊರೆಯುವ ಚಿಹ್ನೆಯನ್ನು ರಕಾರಕ್ಕೂ ಹಲಂತಚಿಹ್ನೆಗೂ ನಡುವೆ ಇಡಬೇಕು. ಆಗ ಅರ್ಕಾವೊತ್ತು ತಪ್ಪಿ ‘ರ‍್ಯಾಂಕ್’ ಎಂಬ ರೂಪ ಸಿದ್ಧಿಸುವುದು.

ಶಾಲೆಗಳಲ್ಲಿ ಗಣಕಪಾಠವೆಂದರೆ ಅಕ್ಷರಗಳನ್ನು ದಪ್ಪಗೆ ಮಾಡುವುದು, ಬಣ್ಣ ಹಚ್ಚುವುದು ಎಂಬಷ್ಟಕ್ಕೇ ನಿಂತಿದ್ದರೆ ಅದು ಸಾಲದು. ಕನ್ನಡ ಪಂಡಿತರೂ ಗಣಕ ಶಿಕ್ಷಕರೂ ಒಂದು ಮಧ್ಯಾಹ್ನ ಜೊತೆಗೆ ಕುಳಿತರೆ ಉಪಾಯವುಂಟು. ವಿಶೇಷ ಅಕ್ಷರಗಳ ಅದೇ ಪುಟದಲ್ಲಿ, ಯಾವ ಚಿಹ್ನೆಗೆ ಯಾವ ಕೀಲಿಯೆಂದು ನಿಗದಿಮಾಡುವ ಗುಂಡಿಯಿದೆ. ಶಾಲೆಯ ಪ್ರತಿಯೊಂದು ಗಣಕದಲ್ಲಿಯೂ ಒಂದೇ ಕೀಲಿಯನ್ನು ಗೊತ್ತುಪಡಿಸಿ ಗೋಡೆಯ ಮೇಲೆ ಬರೆದಿಟ್ಟರೆ, ವಿದ್ಯಾರ್ಥಿಗಳು ಆ ಮೆನುಗಳನ್ನು ಹೊಗಬೇಕಾದ ಪ್ರಮೇಯವೇ ಬಾರದು.