ಮುತ್ತಜ್ಜನ ಮಣ್ಣು ಎಲ್ಲಿದೆ?

‘ವಂಶವೃಕ್ಷ’ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ನಾಡಕಚೇರಿ. ಪೌತಿ ಖಾತೆ ಆಗಬೇಕು, ಜಮೀನು ಭಾಗ ಆಗಬೇಕು ಅಂದಾಗ ಅಪ್ಪ ಅರ್ಜಿ ಹಿಡ್ಕೊಂಡು ಅಲೆದಾಡಿ ತರುವ ಒಂದು ಹಾಳೆ ಅದು. ಕೆಲಸ ಮುಗಿದ ಮೇಲೆ ಅದು ಬೀರುವಿನ ಪ್ಲಾಸ್ಟಿಕ್ ಕವರ್ ಸೇರುತ್ತೆ. ಅದರ ಮೇಲ್ತುದಿಯಲ್ಲಿರುವ ಹೆಸರಿನ ಮನುಷ್ಯ ಯಾರು, ಹೇಗೆ ಸತ್ತ, ಎಲ್ಲಿ ಮಣ್ಣಾದ ಅಂತ ಯಾರೂ ಕೇಳಲ್ಲ. ನಾವೂ ಕೇಳಿರಲಿಲ್ಲ.

ಹೋದ ರಜೆಯಲ್ಲಿ ನಾವು ಐದು ಜನ ಹಾಸ್ಟೆಲ್ ಗೆಳೆಯರು ಹಾವೇರಿ ಜಿಲ್ಲೆಯ ಒಂದು ಹಳ್ಳಿಗೆ, ನಮ್ಮಲ್ಲೊಬ್ಬನ ಮನೆಗೆ ಹೋಗಿದ್ವಿ. ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ಅವನ ಮುತ್ತಜ್ಜನ ಸಮಾಧಿ ಇದೆ. ಲಿಂಗಾಯತರಲ್ಲಿ ಹೊಲದಲ್ಲೇ ಸಮಾಧಿ ಮಾಡೋದು ಸಾಮಾನ್ಯ. ಅದರ ಮೇಲೊಂದು ಕಲ್ಲು. ಬೊಗಸೆ ನೀರು ಹಾಕಿ ಕೈಯಲ್ಲಿ ಒರೆಸಿದ ಮೇಲೆ ‘ಪ್ರಮಾಥಿ ಸಂವತ್ಸರ, ಮಾಘ’ ಅನ್ನೋದಷ್ಟು ಓದೋಕಾಯ್ತು. ಇಸವಿ ಇಲ್ಲ.

ಸಂವತ್ಸರ 60 ವರ್ಷಕ್ಕೊಮ್ಮೆ ಸುತ್ತಿ ಬರುತ್ತೆ. ಇತ್ತೀಚಿನ ಪ್ರಮಾಥಿ ಶುರುವಾಗಿದ್ದು 1999ರಲ್ಲಿ, ಅದಕ್ಕೂ ಹಿಂದಿನದು 1939ರಲ್ಲಿ, ಅದರ ಹಿಂದಿನದು 1879ರಲ್ಲಿ. ಮಾಘ ಅಂದ್ರೆ ಮುಂದಿನ ವರ್ಷದ ಫೆಬ್ರವರಿ ಆಸುಪಾಸು. ಹಾಗಾಗಿ 1940 ಇರಬೇಕು ಅಂತ ಲೆಕ್ಕ ಹಾಕಿದ್ವಿ. ಅಜ್ಜ ನಕ್ಕರು. “ಅಪ್ಪನ ಮಾರಿ ನನಗ ನೆನಪಿಲ್ಲೋ ತಮ್ಮಾ. ನಾ ಆಗ ಇನ್ನೂ ಅಂಬೆಗಾಲು ಇಡ್ತಿದ್ನಂತ. ಅವ್ವ ಹೇಳ್ತಿದ್ಳು.” ಆದ್ರೆ ಅಜ್ಜನ ಆಧಾರ್ ಕಾರ್ಡಿನಲ್ಲಿರುವ ಹುಟ್ಟಿದ ದಿನ 01-01-1942! ಅಪ್ಪ ಸತ್ತು ಎರಡು ವರ್ಷಕ್ಕೆ ಮಗ ಹುಟ್ಟಿದ ಹಾಗಾಯ್ತು. ನಮ್ಮ ಅಜ್ಜ-ಅಜ್ಜಿಯರಲ್ಲಿ ಎಷ್ಟೋ ಜನ ಕಾಗದದ ಮೇಲೆ ಜನವರಿ ಒಂದಕ್ಕೇ ಹುಟ್ಟಿದವರು. ಈ ವಿಷಯದಲ್ಲಿ ಕಾರ್ಡಿಗಿಂತ ಕಲ್ಲೇ ನಿಜ ಹೇಳಿತು.

ನಮ್ಮ ಮಾತು ಇಷ್ಟೇ. ಹಿರಿಯರನ್ನು ಹುಡುಕಬೇಕು ಅಂದ್ರೆ ಸ್ಮಶಾನಕ್ಕೆ, ಹೊಲದ ಬದುವಿಗೆ, ಖಬರಸ್ತಾನಕ್ಕೆ ಹೋಗಬೇಕು. ಅದೂ ಈಗಲೇ ಹೋಗಬೇಕು. ಜನನ-ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಅದಕ್ಕೂ ಮುಂಚೆ ಹಳ್ಳಿಗಳಲ್ಲಿ ಎಷ್ಟೋ ಸಾವುಗಳು ಯಾವ ಪುಸ್ತಕಕ್ಕೂ ಏರಲಿಲ್ಲ. ಉಳಿದಿರೋದು ಒಂದು ಕಲ್ಲು, ಒಂದು ಮರ, ‘ಇಲ್ಲೇ’ ಅಂತ ಬೆರಳು ತೋರಿಸುವ ಒಬ್ಬ ಅಜ್ಜ. ಮೂರರಲ್ಲಿ ಮೊದಲು ಹೋಗೋದು ಅಜ್ಜನೇ.

ಇದೇನು ದೊಡ್ಡ ವಿಷಯ ಅಂತ ಕೇಳಬಹುದು. ನಮ್ಮ ಮುತ್ತಜ್ಜ ರಾಜನೂ ಅಲ್ಲ, ದಂಡನಾಯಕನೂ ಅಲ್ಲ. ಆದ್ರೆ ಬೆಂಗಳೂರು ಅನ್ನೋ ಹೆಸರು ಎಷ್ಟು ಹಳೇದು ಅಂತ ನಮಗೆ ಗೊತ್ತಾಗಿದ್ದು ಬೇಗೂರಿನ ದೇವಸ್ಥಾನದಲ್ಲಿರುವ ಸುಮಾರು 1100 ವರ್ಷ ಹಳೆಯ ಒಂದು ವೀರಗಲ್ಲಿನಿಂದ. ‘ಬೆಂಗಳೂರು ಕಾಳಗ’ದಲ್ಲಿ ಸತ್ತವನೊಬ್ಬನಿಗೆ ನಿಲ್ಲಿಸಿದ ಕಲ್ಲದು. ಅವನ ಕಡೆಯವರು ಕಲ್ಲು ನಿಲ್ಲಿಸದೆ ಇದ್ದಿದ್ದರೆ ಊರಿನ ಹೆಸರಿಗೆ ಆ ಸಾಕ್ಷಿಯೇ ಇರುತ್ತಿರಲಿಲ್ಲ.

ಹೊರಗಿನವರು ಈ ಕೆಲಸವನ್ನು ನಮ್ಮ ನೆಲದಲ್ಲೇ ಮಾಡಿ ತೋರಿಸಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದಲ್ಲಿ ಗ್ಯಾರಿಸನ್ ಸ್ಮಶಾನ ಇದೆ, ಸುಮಾರು 300 ಗೋರಿಗಳು. ಅದರಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರದೂ ಇವೆ. ಪಾಳು ಬಿದ್ದಿದ್ದ ಆ ಜಾಗ ಆ ಮನೆತನದ ವಂಶಸ್ಥರ ನೆರವಿನಿಂದ ದುರಸ್ತಿಯಾಯಿತು. ಇನ್ನೂರು ವರ್ಷದ ನಂತರ ಅಷ್ಟು ದೂರದವರಿಗೆ ತಮ್ಮವರ ಗೋರಿಗಳ ಕಾಳಜಿ ಇದೆ. ನಮಗೆ ಮೂರು ತಲೆಮಾರಿನ ಹಿಂದಿನವರ ಜಾಗ ಗೊತ್ತಿಲ್ಲ.

ಆದ್ರೆ ಎಲ್ಲರಿಗೂ ಇದು ಒಂದೇ ಥರ ಸುಲಭ ಅಂತ ಹೇಳಿದ್ರೆ ಸುಳ್ಳಾಗುತ್ತೆ. ನಮ್ಮ ಗುಂಪಿನಲ್ಲಿ ಕೆಜಿಎಫ್‌ನವನೊಬ್ಬ ಇದ್ದಾನೆ. ಅವನ ಮುತ್ತಾತ ಚಿನ್ನದ ಗಣಿಯಲ್ಲಿ ದುಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ನೆಂಟರೆಲ್ಲ ಬೇರೆ ಬೇರೆ ಊರು ಸೇರಿದರು. ಗೋರಿಯ ಮೇಲಿರೋದು ತಮಿಳು ಅಕ್ಷರ. ಇವನು ಮನೇಲಿ ತಮಿಳು ಮಾತಾಡ್ತಾನೆ, ಓದಿದ್ದು ಕನ್ನಡ ಮೀಡಿಯಂ. ತನ್ನ ಮುತ್ತಾತನ ಹೆಸರನ್ನು ಬೇರೆಯವರ ಹತ್ತಿರ ಓದಿಸಿಕೊಳ್ಳಬೇಕಾಯ್ತು.

ನಮ್ಮ ಜೊತೆಗಿದ್ದ ಗೆಳತಿಗೆ “ಹೆಣ್ಮಕ್ಕಳು ಆ ಕಡೆ ಹೋಗಬಾರದು” ಅಂತ ಊರಿನ ಹಿರಿಯರೊಬ್ಬರು ತಡೆದ್ರು. ಅಜ್ಜನೇ “ಬರ್ಲಿ ಬಿಡ್ರಿ, ನಮ್ಮವ್ವನೂ ಅಲ್ಲೇ ಪಕ್ಕದಾಗ ಮಲಗ್ಯಾಳ” ಅಂದ್ರು. ಆ ಅವ್ವನಿಗೆ ಕಲ್ಲಿಲ್ಲ, ಬರೀ ಒಂದು ಮಣ್ಣಿನ ದಿಬ್ಬ. ಗಂಡ ತೀರಿದ ಮೇಲೆ ಒಬ್ಬಳೇ ಹೊಲ ಮಾಡಿ ಮಗನನ್ನು ಬೆಳೆಸಿದವಳ ಹೆಸರು ವಂಶವೃಕ್ಷದ ಹಾಳೆಯಲ್ಲಿ ‘ಹೆಂಡತಿ’ ಅನ್ನೋ ಕಡೆ ಮಾತ್ರ ಇದೆ.

ಸಂಜೆ ಕಟ್ಟೆ ಮೇಲೆ ಕೂತಾಗ ಇನ್ನೊಬ್ಬ ಗೆಳೆಯ ತಡವಾಗಿ ಬಾಯಿ ಬಿಟ್ಟ. “ನಮ್ಮ ಕೇರಿಗೆ ಸ್ಮಶಾನ ಇರಲಿಲ್ಲ ಕಣ್ರೋ. ಅಜ್ಜಿನ ಹಳ್ಳದ ದಂಡೇಲಿ ಮಣ್ಣು ಮಾಡಿದ್ರು. ಆಮೇಲೆ ನೆರೆ ಬಂತು.” ಅಷ್ಟೇ ಹೇಳಿದ್ದು. ನಮಗ್ಯಾರಿಗೂ ಮಾತು ಹೊರಡಲಿಲ್ಲ. ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಕೊಡಿ ಅಂತ ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಹೇಳಿದೆ. ಅದು ಬರೀ ಶವಸಂಸ್ಕಾರದ ಪ್ರಶ್ನೆ ಅಲ್ಲ, ಮೊಮ್ಮಕ್ಕಳು ‘ನಮ್ಮವರು ಇಲ್ಲಿದ್ದಾರೆ’ ಅಂತ ಹೇಳಿಕೊಳ್ಳುವ ಹಕ್ಕಿನ ಪ್ರಶ್ನೆ ಅಂತ ನಮಗೆ ಅವತ್ತು ಅರ್ಥ ಆಯ್ತು. ನಮ್ಮ ಮುತ್ತಜ್ಜನ ಕಲ್ಲಿನ ಬಗ್ಗೆ ಹೆಮ್ಮೆಪಡುವ ನಾವು ಪಕ್ಕದ ಕೇರಿಯ ಜಾಗಕ್ಕಾಗಿಯೂ ದನಿ ಎತ್ತಬೇಕು.

ಸುಡುವ ಪದ್ಧತಿ ಇರೋ ಮನೆಯವರು ಏನು ಮಾಡಬೇಕು? ಅವರಿಗೆ ಬೇರೆ ದಾರಿಗಳಿವೆ. ಉತ್ತರ ಕರ್ನಾಟಕದ ಕಡೆ ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಹೇಳುವ ಹೆಳವರಿದ್ದಾರೆ. ಈ ಸಲ ಅವರು ಬಂದ್ರೆ ಕಾಳು ಕೊಟ್ಟು ಕಳಿಸಬೇಡಿ, ಕೂರಿಸಿ ಕೇಳಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಚರ್ಚ್‌ಗಳಲ್ಲಿ ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರ್ ಇರುತ್ತೆ.

ಸಮಾಧಿ ಇರೋರು ಮಾಡಬೇಕಾದ್ದು ಅಷ್ಟೇನೂ ಕಷ್ಟದ್ದಲ್ಲ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೀರಿ, ಸವೆದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತೆ. ನೀರು, ಮೆತ್ತನೆ ಬ್ರಷ್ ಸಾಕು. ಆಸಿಡ್, ತಂತಿ ಬ್ರಷ್ ಬೇಡ. ಲೊಕೇಶನ್ ಆನ್ ಇರಲಿ. ಸರ್ವೆ ನಂಬರ್ ಬರೆದಿಡಿ. ಜೊತೆಗೆ ಹಿರಿಯರೊಬ್ಬರನ್ನು ಕರ್ಕೊಂಡು ಹೋಗಿ, ಅವರ ಮಾತನ್ನೂ ರೆಕಾರ್ಡ್ ಮಾಡಿ. ಪ್ರಪಂಚದಾದ್ಯಂತ ಜನ ‘ಫೈಂಡ್ ಎ ಗ್ರೇವ್’ ಥರದ ತಾಣಗಳಲ್ಲಿ ಇದನ್ನೇ ಮಾಡ್ತಿದ್ದಾರೆ. ನಮಗೆ ಅಷ್ಟು ದೊಡ್ಡದೇನೂ ಬೇಡ, ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ರೂ ಆಯ್ತು.

ಆ ಹಾವೇರಿಯ ಹೊಲ ಈಗ ಮಾರಾಟಕ್ಕಿದೆ. ಮೊಮ್ಮಕ್ಕಳ ಓದಿಗೆ ದುಡ್ಡು ಬೇಕು, ಮಾರೋದು ತಪ್ಪು ಅಂತ ನಾವು ಹೇಳೋಕಾಗಲ್ಲ, ಆ ಓದಿನಲ್ಲಿ ನಮ್ಮ ಗೆಳೆಯನ ಫೀಸೂ ಇದೆ. ಬೇವಿನ ಮರದ ಕೆಳಗಿನ ಅಷ್ಟು ಜಾಗ ಬಿಟ್ಟು ಕ್ರಯಪತ್ರ ಬರೆಸಬೇಕು ಅಂತ ಅಜ್ಜ ಹಟ ಹಿಡಿದಿದ್ದಾರೆ. ಕೊಳ್ಳುವವರು ಇನ್ನೂ ಒಪ್ಪಿಲ್ಲ. ಅಜ್ಜನ ಕಡೆ ನಿಂತು ಮಾತಾಡೋಕೆ ನಮ್ಮ ಗೆಳೆಯ ಮುಂದಿನ ವಾರ ಊರಿಗೆ ಹೊರಟಿದ್ದಾನೆ, ಕಲ್ಲಿನ ಫೋಟೋ ಪ್ರಿಂಟ್ ಹಾಕಿಸಿಕೊಂಡು.

ನೀವೂ ಈ ಸಲ ರಜೆಗೆ ಊರಿಗೆ ಹೋದಾಗ, ಊಟ ಆದ ಮೇಲೆ ಅಜ್ಜ-ಅಜ್ಜಿ ಹತ್ರ ಕೂತು ಒಂದೇ ಪ್ರಶ್ನೆ ಕೇಳಿ: ನಿಮ್ಮ ಅಪ್ಪ-ಅವ್ವನ ಮಣ್ಣು ಎಲ್ಲಿದೆ? ಉತ್ತರ ಸಿಕ್ಕರೆ ಮರುದಿನ ಬೆಳಿಗ್ಗೆ ಅವರ ಜೊತೆ ನಡೆದುಕೊಂಡು ಹೋಗಿ ಬನ್ನಿ.