ಹಳೆಯ ಜೀಪಿನ ಕೊಕ್ಕೆಯ ಎತ್ತರ

ನೇಸರಗಿ ಭಾಗದ ಒಕ್ಕಲಿಗರು ಚಕ್ಕಡಿಯನ್ನು ಹೂಡುವಾಗ ಮೊದಲು ಹೇರಿನ ಸಮತೋಲವನ್ನು ನೋಡುವರು. ಹೇರು ಮುಂದಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುವುದು; ಹಿಂದಾದರೆ ನೊಗವು ಮೇಲೆದ್ದು ಕೊರಳ ಹಗ್ಗವು ಬಿಗಿಯುವುದು. ಈ ವಿವೇಕವನ್ನೇ ಹಳೆಯ ಜೀಪಿಗೆ ಟ್ರೇಲರನ್ನು ಕಟ್ಟುವಾಗಲೂ ತೋರಿಸತಕ್ಕದ್ದೆಂದು ನಮ್ಮ ಅಭಿಪ್ರಾಯವು.

ಯುದ್ಧಕ್ಕಾಗಿ ಹುಟ್ಟಿದ ಜೀಪನ್ನು ಅಮೇರಿಕದ ವಿಲ್ಲೀಸ್ ಸಂಸ್ಥೆಯವರು 1945ರಲ್ಲಿ ಒಕ್ಕಲುತನಕ್ಕೂ ಯೋಗ್ಯವೆಂದು ಮಾರತೊಡಗಿದರು. ನಮ್ಮ ದೇಶದಲ್ಲಿ ಮಹೀಂದ್ರದವರು ಅದರ ಜೋಡಣೆಯನ್ನು ಆರಂಭಿಸಿದರು. ಇಂಥ ಹಳೆಯ ಗಾಡಿಗಳಲ್ಲಿ ಕಮಾನುಪಟ್ಟಿಗಳು ಕುಗ್ಗಿ ಹಿಂದಿನ ಕೊಕ್ಕೆಯು ತಗ್ಗುವುದುಂಟು. ಕೆಲವರು ಅಂದಕ್ಕಾಗಿ ದೊಡ್ಡ ಟಾಯರುಗಳನ್ನು ಹಾಕಿಸಿ ಅದನ್ನು ಅತಿಯಾಗಿ ಎತ್ತರಿಸುವುದೂ ಉಂಟು.

ಎರಡೂ ಕೆಡುಕೇ. ಕೊಕ್ಕೆಯು ತಗ್ಗಾದರೆ ಟ್ರೇಲರಿನ ಭಾರವು ಮುಂದಕ್ಕೆ ವಾಲುವುದು. ಜೀಪಿನ ಹಿಂಭಾಗವು ಕುಸಿದು ಮುಂದಿನ ಗಾಲಿಗಳು ಹಗುರಾಗುವುವು, ಸ್ಟೇರಿಂಗು ಹಿಡಿತ ತಪ್ಪುವುದು. ಎತ್ತರವಾದರೆ ಭಾರವು ಹಿಂದಕ್ಕೆ ಸರಿದು, ವೇಗದಲ್ಲಿ, ಅದರಲ್ಲಿಯೂ ಇಳಿಜಾರಿನಲ್ಲಿ, ಟ್ರೇಲರು ಅತ್ತಿತ್ತ ಹೊಯ್ದಾಡಿ ಜೀಪನ್ನೂ ರಸ್ತೆಯಿಂದ ಎಳೆಯಬಹುದು.

ಪರಿಹಾರವು ಸುಲಭವಾಗಿದೆ. ಸಮನೆಲದ ಮೇಲೆ, ಟಾಯರುಗಳಲ್ಲಿ ತಕ್ಕಷ್ಟು ಗಾಳಿಯಿರಿಸಿ, ಜೀಪಿನಲ್ಲಿ ಎಂದಿನ ಹೇರನ್ನಿಟ್ಟು, ನೆಲದಿಂದ ಕೊಕ್ಕೆಯವರೆಗೆ ಅಳೆಯಿರಿ. ಹೇರಿದ ಟ್ರೇಲರಿನ ಹಾಸು ನೆಲಕ್ಕೆ ಸಮವಾಗಿರುವಂತೆ ಮೂಕಿಗೆ ಆಧಾರ ಕೊಟ್ಟು, ಅದರ ಬಳೆಯವರೆಗೂ ಅಳೆಯಿರಿ. ಎರಡು ಅಳತೆಗಳೂ ಒಂದೇ ಆಗಿರಬೇಕು. ವ್ಯತ್ಯಾಸವಿದ್ದರೆ ಮೇಲೆ ಕೆಳಗೆ ತೂತುಗಳುಳ್ಳ ದಪ್ಪ ಉಕ್ಕಿನ ತಗಡನ್ನು ಚಾಸಿಯ ಅಡ್ಡತೊಲೆಗೆ ಬೋಲ್ಟುಗಳಿಂದ ಬಿಗಿಸಿ, ಕೊಕ್ಕೆಯನ್ನು ಸರಿಯಾದ ತೂತಿನಲ್ಲಿ ಕೂಡಿಸಬೇಕು. ಬರಿಯ ಬಂಪರಿಗೆ ಬೆಸುಗೆ ಹಾಕಿದ ಕೊಕ್ಕೆಯನ್ನು ನಂಬಲಾಗದು. ಹೇರಿದ ಟ್ರೇಲರಿನ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಪಾಲು ಕೊಕ್ಕೆಯ ಮೇಲಿರಲಿ; 5 ಕ್ವಿಂಟಲಿಗೆ 50 ಕಿಲೋಗ್ರಾಂ. ಕೊಕ್ಕೆ ಕಳಚಿದರೂ ಟ್ರೇಲರು ಓಡದಂತೆ ಸರಪಳಿಯನ್ನು ಮರೆಯಬಾರದು.

ಜೀಪಿನ ಬಣ್ಣಕ್ಕೆ ಹಣವನ್ನು ವೆಚ್ಚ ಮಾಡುವವರು ಅಳತೆಪಟ್ಟಿಗೆ ಅರ್ಧ ತಾಸನ್ನು ಕೊಡದಿರುವುದು ಸೋಜಿಗವು. ಮಾಲಕನ ಉದಾಸೀನದ ಫಲವನ್ನು ಉಣ್ಣುವವರು ಚಾಲಕನೂ ಎದುರು ಬರುವ ದಾರಿಗನೂ ಆಗಿರುತ್ತಾರೆ. ಆದುದರಿಂದ ಊರ ಗೌಡರೂ ಹೊಲದೊಡೆಯರೂ ಹತ್ತಿ, ಶೇಂಗಾಗಳ ಸುಗ್ಗಿಗೆ ಮುಂಚೆ ತಮ್ಮೂರಿನ ಗಾಡಿಗಳನ್ನು ಅಳೆಸಬೇಕು. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಜನರನ್ನು ಟ್ರೇಲರಿನಲ್ಲಿ ಕೂಡಿಸಿ ಒಯ್ಯುವುದಂತೂ ಕೊಕ್ಕೆಯು ಎಷ್ಟೇ ಸರಿಯಿದ್ದರೂ ಸಲ್ಲದು. ಟ್ರೇಲರು ಮಾಲಿಗಾಗಿಯೇ ಹೊರತು ಮನುಷ್ಯರಿಗಾಗಿ ಅಲ್ಲ.